ಹಬ್ಬದ ಜೋಡಿ ಮತ್ತು ಪುಟ್ತಾಯಮ್ಮನ ಗಂಟಲು

ನೊರೆ ಕಂಡರೆ ನನಗೆ ಸಿಟ್ಟು ಬರುತ್ತದೆ. ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರ ಬಕೆಟ್ಟಿನಲ್ಲಿ ಕಂಡರೂ ಬರುತ್ತದೆ. ಟಿವಿಯ ಜಾಹೀರಾತಿನಲ್ಲಿ ಕಂಡರಂತೂ ಎದ್ದು ಆಚೆ ಹೋಗುತ್ತೇನೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿದ್ದ ಒಂದು ಸೋಪಿನ ಪುಡಿ ಕಾರ್ಖಾನೆಯಲ್ಲಿ, ಬಿ.ಎಸ್ಸಿ. ಮುಗಿಸಿದಾಗಿನಿಂದ ತಲೆ ನರೆಯುವವರೆಗೆ ನಾನು ಕೆಮಿಸ್ಟ್ ಆಗಿದ್ದೆ. ಬಟ್ಟೆಗೆ ಪುಡಿ, ಪಾತ್ರೆಗೆ ಸೋಪು, ನೆಲಕ್ಕೆ ಫಿನಾಯಿಲು, ಕಕ್ಕಸಿಗೆ ಆಸಿಡ್ಡು, ಹೀಗೆ ಮನೆ ತೊಳೆಯುವ ಸಮಸ್ತವನ್ನೂ ಮಾಡುತ್ತಿದ್ದೆವು. ಯಾವಾಗ ಯಾವ ಬಡ್ತಿ ಸಿಕ್ಕಿತು ಎಂದು ಬರೆಯುವುದಿಲ್ಲ, ಬರೆಯುವಷ್ಟು ಸಿಗಲೂ ಇಲ್ಲ. ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಕಾಲೇಜಿನಲ್ಲಿ ಕಲಿಯದೇ ಇರುವುದನ್ನು ಬರೆಯುತ್ತೇನೆ.

ಕಲಿತಿರುವುದನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. ಕೊಳೆ ಎಂದರೆ ಬಹುಪಾಲು ಜಿಡ್ಡು, ಆ ಜಿಡ್ಡಿಗೆ ಅಂಟಿದ ಧೂಳು. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ. ಪುಡಿಯಲ್ಲಿರುವ ಮುಖ್ಯ ಪದಾರ್ಥದ ಒಂದೊಂದು ಕಣಕ್ಕೂ ಎರಡು ತುದಿ. ಒಂದು ತುದಿ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ನೀರನ್ನು ಹಿಡಿದುಕೊಳ್ಳುತ್ತದೆ. ಮದುವೆ ದಲ್ಲಾಳಿಯ ಹಾಗೆ ಎರಡು ಕಡೆಯೂ ನೆಂಟಸ್ತನ. ಕಣಗಳೆಲ್ಲ ಸೇರಿ ಜಿಡ್ಡನ್ನು ಸುತ್ತುವರಿದು, ಬಟ್ಟೆಯಿಂದ ಎಬ್ಬಿಸಿ, ಚೂರು ಚೂರು ಮಾಡಿ ನೀರಿಗೆ ಒಪ್ಪಿಸುತ್ತವೆ. ನಾವು ಕುಕ್ಕಿ, ಹಿಂಡಿ, ಜಾಲಿಸಿದಾಗ ಆ ನೀರಿನ ಜೊತೆ ಕೊಳೆಯೂ ಹೋಗುತ್ತದೆ. ಇಷ್ಟೇ ವಿದ್ಯೆ. ಇದರಲ್ಲಿ ನೊರೆಯ ಮಾತು ಎಲ್ಲಿ ಬಂತು? ನೊರೆ ಎಂದರೆ ಗಾಳಿ. ನೊರೆ ಇಲ್ಲದೆಯೂ ಬಟ್ಟೆ ಚೊಕ್ಕವಾಗುತ್ತದೆ, ಬುರುಬುರು ನೊರೆ ಬಂದೂ ಕೊಳಕಾಗಿಯೇ ಉಳಿಯುತ್ತದೆ.

ಇದನ್ನು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಸಾಹುಕಾರರಿಗೆ ಹೇಳಿದೆ. ಕಾರ್ಖಾನೆ ಅವರದು, ಬೆಲ್ಲದ ವ್ಯಾಪಾರದಿಂದ ಸೋಪಿಗೆ ಬಂದವರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

"ನೋಡ್ರಮ್ಮ ಕೆಮಿಷ್ಟಮ್ಮ," ಎಂದರು. "ಕೊಳೆ ಓಯ್ತದೋ ಬುಡ್ತದೋ ಒಗೆಯೋಳ್ಗೆ ಸಂಜೆಗೆ ಗೊತ್ತಾಯ್ತದೆ. ನೊರೆ ಅಂಗಡಿ ಮುಂದ್ಲೇ ಗೊತ್ತಾಯ್ತದೆ. ಅಂಗಡಿ ಮುಂದೆ ಗೆಲ್ಲಿ ನೀವು."

ಅಂಗಡಿ ಮುಂದೆ ಗೆಲ್ಲುವ ಬಗೆಯನ್ನು ನಾನು ಕಣ್ಣಾರೆ ಕಂಡೆ. ಮಳವಳ್ಳಿ ಸಂತೆಯಲ್ಲಿ ನಮ್ಮ ಮಾರಾಟದವರು ಬಕೆಟ್ಟಿಗೆ ಚಿಟಿಕೆ ಪುಡಿ ಹಾಕಿ ಕೈಯಾಡಿಸಿದರೆ ನೊರೆ ಅಂಚು ಮೀರಿ ಉಕ್ಕುತ್ತಿತ್ತು. ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆ ಬಕೆಟ್ಟಿನ ನೀರು ಸಂತೆಯ ಊರಿನದಲ್ಲ. ಕಾರ್ಖಾನೆಯ ತೊಟ್ಟಿಗೆ ಬರುತ್ತಿದ್ದ ಕಾವೇರಿ ನೀರನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಹೋಗಿರುತ್ತಿದ್ದರು. ಪುಡಿ ಕೊಂಡ ಹೆಂಗಸು ಮನೆಗೆ ಹೋಗಿ ಬೋರ್‌ವೆಲ್ಲಿನ ಗಡಸು ನೀರಿಗೆ ಹಾಕಿದರೆ ನೊರೆ ಮಾಯ. ಗಡಸು ನೀರಿನಲ್ಲಿ ಕರಗಿರುವ ಸುಣ್ಣ ಪುಡಿಯ ಅರ್ಧ ಶಕ್ತಿಯನ್ನು ತಾನೇ ನುಂಗುತ್ತದೆ. ಆ ಸುಣ್ಣವನ್ನು ಮೊದಲೇ ಕಟ್ಟಿಹಾಕಲು ಸೋಡಾ ಮತ್ತು ಇನ್ನೊಂದೆರಡು ಸಾಮಾನು ಬೇಕು, ಅದಕ್ಕೆ ದುಡ್ಡಾಗುತ್ತದೆ. ನಮ್ಮ ಸಾಹುಕಾರರು ಅದನ್ನು ಕಡಿಮೆ ಮಾಡಿಸಿ, ಆ ಜಾಗಕ್ಕೆ ಉಪ್ಪು ಹಾಕಿಸಿ, ಮೇಲೆ ನೊರೆ ಬರಿಸುವ ಮದ್ದು ಸೇರಿಸಿದರು. ಹಳ್ಳಿಯ ಹೆಂಗಸು ನೊರೆ ಬರಲಿಲ್ಲವೆಂದು ಇನ್ನೊಂದು ಹಿಡಿ ಹಾಕುತ್ತಿದ್ದಳು. ಕೈ ಒಡೆಯುತ್ತಿತ್ತು, ಬಟ್ಟೆ ಜಾಳಾಗುತ್ತಿತ್ತು, ಪುಡಿ ಬೇಗ ಖರ್ಚಾಗುತ್ತಿತ್ತು. ಮೂರನೆಯದರಿಂದ ಸಾಹುಕಾರರಿಗೆ ಖುಷಿ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಮುಂದೆ ದ್ರಾವಣಗಳು ಬಂದವು. ಪಾತ್ರೆ ತೊಳೆಯುವ ನೀರು ಸೋಪಿಗೆ ಒಂದಷ್ಟು ಉಪ್ಪು ಹಾಕಿದರೆ ಅದು ಜೇನಿನ ಹಾಗೆ ಮಂದವಾಗುತ್ತದೆ. ಮಂದವಾಗಿದ್ದರೆ ಸತ್ವ ಹೆಚ್ಚು ಎಂದು ಜನ ತಿಳಿಯುತ್ತಾರೆ. ಬಟ್ಟೆಪುಡಿಗೆ ಹೊಳಪಿನ ಬಣ್ಣ ಬಂತು. ಅದು ಕೊಳೆ ತೆಗೆಯುವುದಿಲ್ಲ, ಬಟ್ಟೆಯ ಮೇಲೆ ಕೂತು ಬಿಸಿಲಲ್ಲಿ ಬೆಳ್ಳಗೆ ಕಾಣಿಸುತ್ತದೆ, ನಮ್ಮ ಅಜ್ಜಿಯರ ನೀಲಿಯ ಮೊಮ್ಮಗಳು. ಆಮೇಲೆ ಕಲೆಗಳನ್ನು ಜೀರ್ಣ ಮಾಡುವ ಕಿಣ್ವ ಬಂತು. ಅದು ನಿಜವಾಗಿ ಒಳ್ಳೆಯ ಪದಾರ್ಥ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿಟ್ಟರೆ ಸಾರಿನ ಕಲೆ, ಬೆವರಿನ ಕಲೆ ತಾನೇ ಬಿಡುತ್ತದೆ. ಆದರೆ ನಮ್ಮ ಕಡೆ ಹೆಂಗಸರು ಹಂಡೆಯಿಂದ ಕುದಿಯುವ ನೀರು ಸುರಿದು ಅದನ್ನು ಅಲ್ಲೇ ಸಾಯಿಸುತ್ತಿದ್ದರು. ಅವರ ತಪ್ಪಲ್ಲ. ಪಾಕೀಟಿನ ಮೇಲೆ ಅದನ್ನು ಹೇಳಿ ಎಂದು ಕೇಳಿದೆ. ಹೇಳಲು ಜಾಗವಿಲ್ಲ ಎಂದರು.

ಜಾಗ ಯಾಕಿರಲಿಲ್ಲ ಎಂದರೆ, ಆ ಜಾಗದಲ್ಲಿ ನಿಂಬೆಹಣ್ಣು ಕೂತಿತ್ತು. ಆ ನಿಂಬೆಹಣ್ಣಿಗೆ ನಾನೇ ಕಾರಣ. ಶಿವಪುರದ ಕಡೆಯ ಒಂದು ಮದುವೆಯ ಮನೆಯವರು ಒಂದು ದಿನ ಬೆಳಿಗ್ಗೆ ಜಗಳಕ್ಕೆ ಬಂದರು. ಮದುಮಗನ ಸೋದರಮಾವ ಪ್ಲಾಸ್ಟಿಕ್ ಕವರಿನಿಂದ ಒದ್ದೆ ಪಂಚೆಯೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಅರಿಶಿನ ಶಾಸ್ತ್ರದ ಬಿಳಿ ಪಂಚೆ. ಅರಿಶಿನ ಬಿದ್ದಲ್ಲೆಲ್ಲ ಕೆಂಪು.

"ನಿಮ್ ಪುಡೀಲಿ ಏನೈತೆ? ರಕ್ತ ಐತಾ?" ಎಂದರು. "ಮದ್ವೆ ಮನೇಲಿ ಹೆಣ್ಣಿನ ಕಡೆಯೋರು ಅಪಸಕುನ ಅಂತ ಮಕ ತಿರುಗ್ಸವ್ರೆ. ಯಾರ್ರೀ ಜವಾಬ್ದಾರಿ?"

ನಾನು ಊಟದ ಡಬ್ಬಿಯಲ್ಲಿದ್ದ ನಿಂಬೆಹೋಳನ್ನು ತೆಗೆದು ಒಂದು ಕೆಂಪು ಕಲೆಯ ಮೇಲೆ ಹಿಂಡಿದೆ. ಕಲೆ ಹಳದಿಯಾಯಿತು. ಸೋಪಿನ ನೀರು ಸವರಿದೆ, ಕೆಂಪಾಯಿತು. ಮತ್ತೆ ಹಿಂಡಿದೆ, ಹಳದಿಯಾಯಿತು. ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂತಲ್ಲ ಎಂದು ನನಗೆ ನಗುವೂ ಬಂತು. ಸುಣ್ಣದ ಹಾಗೆ ಸೋಡಾ ಕೂಡ ಕ್ಷಾರ. ಕ್ಷಾರ ತಾಗಿದರೆ ಅರಿಶಿನ ಕೆಂಪು, ಹುಳಿ ತಾಗಿದರೆ ಹಳದಿ. "ಚೆನ್ನಾಗಿ ಜಾಲಿಸಿ ಒಂದೆರಡು ದಿನ ಒಳ್ಳೇ ಬಿಸಿಲಿಗೆ ಹಾಕಿ, ಬಣ್ಣ ತಾನೇ ಹೋಗುತ್ತೆ," ಎಂದೆ. ಸೋದರಮಾವ ನಿಂಬೆಹೋಳನ್ನೇ ಇಸಿದುಕೊಂಡು ಹೆಣ್ಣಿನ ಕಡೆಯವರಿಗೆ ತೋರಿಸಲು ಹೋದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಹುಕಾರರಿಗೆ ಇಷ್ಟರಲ್ಲಿ ತಿಳಿದದ್ದು ಒಂದೇ. ಮುಂದಿನ ಲೋಡಿನಿಂದ ನಮ್ಮ ಪಾಕೀಟಿನ ಮೇಲೆ ದೊಡ್ಡ ನಿಂಬೆಹಣ್ಣು ಬಂತು. ಒಳಗೆ ನಿಂಬೆ ಇರಲಿಲ್ಲ, ನಿಂಬೆಯ ವಾಸನೆ ಇತ್ತು. ಕ್ಷಾರದ ಪುಡಿಗೆ ಹುಳಿ ಹಿಂಡಿದರೆ ಎರಡೂ ಒಂದನ್ನೊಂದು ಕೊಂದುಕೊಂಡು ಯಾವುದೂ ಉಳಿಯುವುದಿಲ್ಲ ಎಂದು ನಾನು ಬಡಕೊಂಡೆ. "ಚಿತ್ರ ತಾನೆ ಕಣಮ್ಮ, ಚಿತ್ರ ಏನ್ ಮಾಡ್ತದೆ?" ಎಂದರು.

ಈಗ ಪುಟ್ತಾಯಮ್ಮನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ನಾನು ಬರೆದದ್ದೆಲ್ಲ ಅವಳ ಮಾತಿಗೆ ಬರಲು ಧೈರ್ಯ ಸಾಲದೆ ಬರೆದದ್ದು.

ಪುಟ್ತಾಯಮ್ಮ ಪುಡಿಯನ್ನು ಪಾಕೀಟಿಗೆ ತುಂಬುವ ಶೆಡ್ಡಿನ ಮೇಸ್ತ್ರಿ. ಮದ್ದೂರಿನ ಪಕ್ಕದ ಹಳ್ಳಿಯವಳು. ಪುಡಿ ಬೆರೆಸುವ ಯಂತ್ರ ತಿರುಗುತ್ತಿದ್ದರೆ ಪಕ್ಕದವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ, ಆದರೆ ಅವಳ ಕೂಗು ಗೇಟಿನ ತನಕ ಕೇಳುತ್ತಿತ್ತು. ರಾಗಿ ಕಣದಲ್ಲಿ, ನಾಟಿಯ ಗದ್ದೆಯಲ್ಲಿ ಪಳಗಿದ ಗಂಟಲು. ಹೆಂಗಸರು ಕೂತು ಕೂತು ಸೋತಾಗ ಸೋಬಾನೆ ಎತ್ತುತ್ತಿದ್ದವಳೂ ಅವಳೇ. ಒಮ್ಮೆ ಹೊಸದಾಗಿ ಬಂದ ಹುಡುಗಿಯೊಬ್ಬಳ ಸೆರಗು ಸೀಲು ಮಾಡುವ ಯಂತ್ರದ ಬೆಲ್ಟಿಗೆ ಸಿಕ್ಕಿ ಸುತ್ತಿಕೊಳ್ಳತೊಡಗಿತು. ಹುಡುಗಿಗೆ ದನಿಯೇ ಹೊರಡಲಿಲ್ಲ.

"ಕರೆಂಟು ತೆಗೀರ್ಲಾ!" ಎಂದು ಪುಟ್ತಾಯಮ್ಮ ಕೂಗಿದ ಕೂಗಿಗೆ, ಆಚೆ ಶೆಡ್ಡಿನಲ್ಲಿ ಬೀಡಿ ಸೇದುತ್ತಿದ್ದವನು ಕೇಳಿಸಿಕೊಂಡು ಮೇನ್ ಸ್ವಿಚ್ಚು ಎಳೆದ. ಹುಡುಗಿಯ ಕತ್ತಿಗೆ ಬರೆ ಬಿತ್ತು, ಜೀವ ಉಳಿಯಿತು. ನಮ್ಮ ಕಾರ್ಖಾನೆಯಲ್ಲಿ ಸೈರನ್ ಇರಲಿಲ್ಲ. ಹಾಕಿಸಿ ಎಂದು ಕೇಳಿದಾಗ ಸಾಹುಕಾರರು, "ಪುಟ್ತಾಯಿ ಅವ್ಳಲ್ಲ," ಎಂದು ನಕ್ಕಿದ್ದರು.

ನಮ್ಮ ಕಡೆ ಪಿತೃಪಕ್ಷಕ್ಕೆ ಮನೆ ತೊಳೆಯುವುದು ಹೇಗೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹಿರಿಯರು ಎಡೆ ಉಣ್ಣಲು ಮನೆಗೆ ಬರುತ್ತಾರೆ. ಅವರು ಬರುವ ಮೊದಲು ಕೌದಿ, ಕಂಬಳಿ, ಚಾಪೆ, ಅಟ್ಟದ ಮೇಲಿನ ತಪ್ಪಲೆ, ಹಿತ್ತಲಿನ ಬಚ್ಚಲು, ಎಲ್ಲವೂ ನೀರು ಕಾಣಬೇಕು. ಒಂದು ಮೂಲೆ ಬಿಟ್ಟರೂ ಸತ್ತ ಅತ್ತೆ ಬಂದು ನೋಡುತ್ತಾಳೆಂಬ ಭಯ. ವರ್ಷದಲ್ಲಿ ನಮ್ಮ ಸಾಮಾನು ಅತಿ ಹೆಚ್ಚು ಖರ್ಚಾಗುತ್ತಿದ್ದದ್ದು ಆಗಲೇ. ಒಂದು ವರ್ಷ ಸಾಹುಕಾರರಿಗೆ ಒಂದು ಯೋಚನೆ ಹೊಳೆಯಿತು. ಕಕ್ಕಸು ತೊಳೆಯುವ ಆಸಿಡ್ ಬಾಟಲಿ ಕೊಂಡರೆ ಬ್ಲೀಚಿಂಗ್ ಪೌಡರ್ ಪಾಕೀಟು ಪುಕ್ಕಟೆ. ಎರಡನ್ನೂ ಒಟ್ಟಿಗೆ ಟೇಪು ಸುತ್ತಿ ಕಟ್ಟುವುದು. ಹೆಸರು ಹಬ್ಬದ ಜೋಡಿ.

ಇದನ್ನು ಓದುತ್ತಿರುವ ಕೆಮಿಸ್ಟುಗಳಿಗೆ ಈಗಲೇ ಮೈ ಜುಂ ಎಂದಿರಬೇಕು. ಉಳಿದವರಿಗೆ ಹೇಳುತ್ತೇನೆ. ಆಸಿಡ್ಡು ತಾನೊಂದೇ ಇದ್ದರೆ ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಪದರನ್ನು ಕರಗಿಸುತ್ತದೆ. ಬ್ಲೀಚಿಂಗ್ ಪೌಡರ್ ತಾನೊಂದೇ ಇದ್ದರೆ ಕ್ರಿಮಿ ಕೊಲ್ಲುತ್ತದೆ, ಕಲೆ ತೆಗೆಯುತ್ತದೆ. ಎರಡನ್ನೂ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದಾನೊಂದು ಯುದ್ಧದಲ್ಲಿ ಮನುಷ್ಯರನ್ನು ಕೊಲ್ಲಲು ಬಿಟ್ಟ ಅನಿಲ ಅದು. ಎಳೆದುಕೊಂಡ ಉಸಿರಿನ ಜೊತೆ ಒಳಗೆ ಹೋಗಿ ಗಂಟಲು, ಶ್ವಾಸಕೋಶ ಸುಡುತ್ತದೆ.

ನಾನು ಸಾಹುಕಾರರ ಕೋಣೆಗೆ ಹೋಗಿ ಇಷ್ಟನ್ನೂ ಹೇಳಿದೆ.

"ಕೂಡ್ಸಿ ಅಂತ ನಾನೆಲ್ಲಿ ಯೋಳ್ತಾ ಇವ್ನಿ? ಒಂದಾದ್ಮೇಲೊಂದು ಆಕ್ಲಿ," ಎಂದರು.

"ಒಟ್ಟಿಗೆ ಕಟ್ಟಿ ಕೊಟ್ಟರೆ ಒಟ್ಟಿಗೇ ಹಾಕುತ್ತಾರೆ ಸಾರ್. ಸಾರಿಗೆ ಹುಳಿ, ಖಾರ ಎರಡೂ ಬಿದ್ದರೆ ರುಚಿ ಎಂದು ತಿಳಿದವರು ನಾವು. ಬಚ್ಚಲಿಗೂ ಹಾಗೇ ಅಂದುಕೊಳ್ಳುತ್ತಾರೆ. ಜನ ಸಾಯುತ್ತಾರೆ."

"ಆಯ್ತು ಬುಡಿ, ಯೋಚ್ನೆ ಮಾಡಾನ. ನೀವೂ ದಣಿದಿದ್ದೀರಿ. ಹಬ್ಬದ ಸುಣ್ಣ ಬಣ್ಣ ಇರ್ತದೆ, ಒಂದ್ ವಾರ ರಜ ತಗೊಳ್ಳಿ," ಎಂದರು. ಅವರು ಕರುಣೆಯಿಂದ ಕೊಟ್ಟ ಏಕೈಕ ರಜೆ ಅದು. ನಾನು ಮಳವಳ್ಳಿಯ ನಮ್ಮ ಮನೆಯಲ್ಲಿ ಕೂತು ಕಂಬಳಿ ಒಗೆಯುತ್ತಿದ್ದಾಗ ಕಾರ್ಖಾನೆಯಲ್ಲಿ ಜೋಡಿ ಕಟ್ಟಿಸಿ ಲಾರಿ ಹತ್ತಿಸಿದರು. ಕಟ್ಟಿದವರು ನಮ್ಮ ಪಾಕೀಟು ಶೆಡ್ಡಿನ ಹೆಂಗಸರು. ಕಟ್ಟಿ ಮುಗಿದ ಮೇಲೆ ಸಾಹುಕಾರರು ಹಬ್ಬದ ಉಡುಗೊರೆ ಎಂದು ಪ್ರತಿಯೊಬ್ಬಳ ಕೈಗೂ ಒಂದೊಂದು ಜೋಡಿ ಕೊಟ್ಟರು. "ಎರಡ್ರ ಬಲ ಒಂದ್ರಲ್ಲೇ ಐತೆ, ಬಚ್ಚಲು ಪಳಪಳ ಅಂತದೆ," ಎಂದರಂತೆ.

ಪುಟ್ತಾಯಮ್ಮ ಮನೆಯ ಹಿತ್ತಲಲ್ಲಿದ್ದ ಕಕ್ಕಸಿಗೆ ಎರಡನ್ನೂ ಸುರಿದಳು. ತಗಡಿನ ಬಾಗಿಲಿನ ಪುಟ್ಟ ಕಟ್ಟಡ, ಕಿಟಕಿ ಎಂದರೆ ಅಂಗೈಯಗಲದ ತೂತು. ಮೊಮ್ಮಕ್ಕಳು ಆಸಿಡ್ಡು ತುಳಿದಾರೆಂದು ಒಳಗಿನಿಂದ ಚಿಲಕ ಹಾಕಿಕೊಂಡು ಉಜ್ಜಿದಳು. ಕಣ್ಣು ಉರಿದಾಗ ಆಸಿಡ್ಡಿನ ಗುಣ ಎಂದುಕೊಂಡಳು. ಕೆಮ್ಮು ಹತ್ತಿದಾಗ ಬೇಗ ಮುಗಿಸೋಣವೆಂದು ಇನ್ನೂ ಬಗ್ಗಿ ಉಜ್ಜಿದಳು. ಚಿಲಕ ತೆಗೆದು ಆಚೆ ಬಿದ್ದಾಗ ಮಗಳು ನೋಡಿ ಆಟೋ ತರಿಸಿದಳು. ಯಾರನ್ನೂ ಕೂಗಲು ಅವಳಿಗೆ ಆಗಿರಲಿಲ್ಲ. ಗೇಟಿನ ತನಕ ಕೇಳುತ್ತಿದ್ದ ಗಂಟಲು ಹಿತ್ತಲಿನಿಂದ ಅಡುಗೆಮನೆಗೆ ಕೇಳಲಿಲ್ಲ.

ಮಂಡ್ಯದ ಆಸ್ಪತ್ರೆಗೆ ನಾನು ಹೋದಾಗ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಬದುಕಿದಳು. ಮಾತು ಮಾತ್ರ ಗಾಳಿಯ ಹಾಗೆ ಬರುತ್ತಿತ್ತು. ಬಗ್ಗಿ ಕಿವಿ ಕೊಟ್ಟೆ.

"ಕೆಮಿಷ್ಟಕ್ಕ, ನನ್ ಕೈಯಾರೆ ಕಟ್ಟಿದ್ನಲ್ಲಕ್ಕ ಟೇಪ. ಕೂಡುಸ್ಬಾರ್ದು ಅನ್ನಂಗಿದ್ರೆ ಯಾಕಕ್ಕ ಕೂಡ್ಸಿ ಕಟ್ಟುಸ್ತಿದ್ರು?"

ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ನೇರವಾದ ಪ್ರಶ್ನೆ ಇರಲಿಲ್ಲ. ಅಲ್ಲಿಂದ ಬಸ್ಸು ಹಿಡಿದು ಕಾರ್ಖಾನೆಗೆ ಬಂದೆ. ಸಾಹುಕಾರರು ಮುಖ ಗಂಟು ಹಾಕಿಕೊಂಡಿದ್ದರು.

"ಅವ್ಳ ಮನೇಲಿ ಅವ್ಳು ಮಾಡ್ಕಂಡಿದ್ದು. ಕಾರ್ಖಾನೇಲಾಗಿದ್ರೆ ನಾನೇ ನೋಡ್ಕತಿದ್ದೆ," ಎಂದರು. "ಅಲ್ಲ ಕೆಮಿಷ್ಟಮ್ಮ, ಜನಕ್ಕೆ ವಸಿ ಬುದ್ಧಿ ಬ್ಯಾಡ್ವಾ?"

"ಆಗ ನಿಮಗೆ ಬುದ್ಧಿ ಹೇಳಿದ್ದೆನಲ್ಲ ಸಾರ್, ಅದನ್ನೇನು ಮಾಡಿದಿರಿ?" ಎಂದೆ. ಅಷ್ಟು ವರ್ಷಗಳಲ್ಲಿ ಅವರ ಮುಂದೆ ನಾನು ದನಿ ಏರಿಸಿದ್ದು ಅದೇ ಮೊದಲು. ಗೋದಾಮಿನಲ್ಲಿ ಉಳಿದಿರುವ ಜೋಡಿಗಳನ್ನು ಬಿಚ್ಚಿಸಿ, ಅಂಗಡಿಗಳಿಗೆ ಹೋದದ್ದನ್ನು ವಾಪಸ್ಸು ತರಿಸಿ ಎಂದೆ. ಹಬ್ಬ ಮುಗಿಯಲಿ ನೋಡೋಣ ಎಂದರು. ಹಬ್ಬ ಮುಗಿದ ಮೇಲೆ ತರಿಸಿ ಯಾರ ಎಡೆಗೆ ಇಡುತ್ತಾರೆ?

ನಾನು ಆಚೆ ಬಂದು ಪಾಕೀಟು ಶೆಡ್ಡಿಗೆ ಹೋಗಿ, ಯಂತ್ರ ನಿಲ್ಲಿಸಿ, ಪುಟ್ತಾಯಮ್ಮನಿಗೆ ಏನಾಗಿದೆ, ಯಾಕಾಗಿದೆ ಎಂದು ಹೆಂಗಸರಿಗೆ ಹೇಳಿದೆ. ಯಾರೂ ಅಳಲಿಲ್ಲ. ಒಬ್ಬಳು ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗೋದಾಮಿನತ್ತ ನಡೆದಳು. ಉಳಿದವರು ಹಿಂದೆ ಹೋದರು. ಟೇಪು ಕತ್ತರಿಸುವ ಬ್ಲೇಡು ಅವರ ಹತ್ತಿರವೇ ಇರುತ್ತಿತ್ತು. ಪೆಟ್ಟಿಗೆ ಒಡೆದು ಒಂದೊಂದೇ ಜೋಡಿ ಬಿಡಿಸಿ, ಆಸಿಡ್ಡನ್ನು ಆ ಗೋಡೆಗೆ, ಬ್ಲೀಚಿಂಗ್ ಪೌಡರನ್ನು ಈ ಗೋಡೆಗೆ ಪೇರಿಸಿದರು. ಸಾಹುಕಾರರು ಓಡಿ ಬಂದು, "ಯಾರ್ರೇ ಯೋಳಿದ್ದು ನಿಮ್ಗೆ? ಯಾರ ಅಪ್ಣೆ?" ಎಂದು ಕೂಗಾಡಿದರು. ಹೆಂಗಸರು ತಲೆ ಎತ್ತಲಿಲ್ಲ. ಅವರ ಪರವಾಗಿ ಗಂಡಾಳುಗಳ ಬಾಯಿ ಮುಚ್ಚಿಸುತ್ತಿದ್ದವಳು ಆಸ್ಪತ್ರೆಯಲ್ಲಿದ್ದಳು. ಬ್ಲೇಡಿನ ಸದ್ದು ಮಾತ್ರ ಚರ್ ಚರ್ ಎಂದು ಕೇಳುತ್ತಿತ್ತು. ಹಬ್ಬದ ಹೊತ್ತಿನಲ್ಲಿ ಅಷ್ಟೂ ಹೆಂಗಸರನ್ನು ಕೆಲಸದಿಂದ ತೆಗೆದರೆ ಪುಡಿ ತುಂಬುವವರು ಯಾರು ಎಂದು ಲೆಕ್ಕ ಹಾಕಿಯೋ ಏನೋ, ಅವರು ತಣ್ಣಗಾದರು. ಅಂಗಡಿಗಳಿಗೂ ಗಾಡಿ ಕಳಿಸಿದರು. ಬೇರೆ ಯಾರಿಗೆ ಏನಾಯಿತೋ ನಮಗೆ ತಿಳಿಯಲಿಲ್ಲ. ತಿಳಿಯಲು ಯಾರೂ ಪ್ರಯತ್ನಪಡಲಿಲ್ಲ.

ಆಮೇಲೆ ಬಾಟಲಿಯ ಮೇಲೆ ಎಚ್ಚರಿಕೆ ಹಾಕಿಸಲು ನಾನು ಪಟ್ಟು ಹಿಡಿದೆ. ಹಿಂಭಾಗದಲ್ಲಿ, ಇರುವೆ ಸಾಲಿನ ಹಾಗೆ, ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಕನ್ನಡದಲ್ಲಿ ದಪ್ಪಗೆ ಹಾಕಿ, ಓದಲು ಬಾರದವರಿಗೆ ಬಾಟಲಿ, ಪಾಕೀಟು ಎರಡರ ನಡುವೆ ಅಡ್ಡಗೆರೆ ಎಳೆದು ಚಿತ್ರ ಹಾಕಿ ಎಂದೆ. ಜಾಗವಿಲ್ಲ ಎಂದರು. ಆ ಬಾಟಲಿಯ ಮುಂಭಾಗದಲ್ಲೂ ಅಷ್ಟು ಹೊತ್ತಿಗೆ ನಿಂಬೆಹಣ್ಣು ಬಂದು ಕೂತಿತ್ತು. ಚಿತ್ರ ಏನು ಮಾಡುತ್ತದೆ ಎಂದು ಕೇಳಿದ್ದವರು ಇದೊಂದು ಚಿತ್ರಕ್ಕೆ ಮಾತ್ರ ಹೆದರಿದರು. ಕೆಲಸಕ್ಕೆ ಹೊಸದಾಗಿ ಸೇರುವವರೇ, ನಿಮಗೆ ಲ್ಯಾಬು ಕೊಡುತ್ತಾರೆ, ಬಿಳಿ ಕೋಟು ಕೊಡುತ್ತಾರೆ. ಬಾಟಲಿಯ ಮೇಲೆ ಏನು ಅಚ್ಚಾಗಬೇಕು ಎನ್ನುವ ಕೋಣೆಗೆ ನಿಮ್ಮನ್ನು ಕರೆಯುವುದಿಲ್ಲ. ಕರೆಯದಿದ್ದರೂ ಹೋಗಿ ಕೂತುಕೊಳ್ಳಿ.

ಪುಟ್ತಾಯಮ್ಮ ಮತ್ತೆ ಕೆಲಸಕ್ಕೆ ಬರಲಿಲ್ಲ. ಪುಡಿಯ ಧೂಳು ತಾಗಿದರೆ ಉಸಿರು ಕಟ್ಟುತ್ತದೆ, ಒಲೆಯ ಹೊಗೆಯೂ ಆಗದು. ಸೋಬಾನೆ ಎತ್ತಿಕೊಡಿ ಎಂದು ಯಾರೂ ಕರೆಯುವುದಿಲ್ಲ. ನಿವೃತ್ತಿಯಾದ ಮೇಲೆ ನಾವಿಬ್ಬರೂ ಆಗೀಗ ಸಿಗುತ್ತೇವೆ. ಮಳವಳ್ಳಿಗೆ ಬಂದರೆ ನಮ್ಮ ಮನೆಯಲ್ಲಿ ಮುದ್ದೆ ಉಂಡು ಹೋಗುತ್ತಾಳೆ. ಮುದ್ದೆ ಮಾಡಿದ ಪಾತ್ರೆಗೆ ನಾನು ನೀರು ಹುಯ್ದು ನೆನೆಯಲು ಬಿಟ್ಟರೆ, "ಎಲ್ಲಾ ಸೋಪಿಗಿಂತ ಅದೇ ದೊಡ್ಡದು ಕಣಕ್ಕ, ನೀರು," ಎಂದು ಪಿಸುಗುಡುತ್ತಾಳೆ. ಸುಳ್ಳಲ್ಲ.

ಈ ಸಲ ಪಿತೃಪಕ್ಷಕ್ಕೆ ಮುಂಚೆ ಇಬ್ಬರೂ ಪೇಟೆಗೆ ಹೋಗಿದ್ದೆವು. ಒಂದು ಅಂಗಡಿಯ ಮುಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಹಬ್ಬದ ಕೊಡುಗೆ, ಬಕೆಟ್ಟು ಸಹಿತ. ಯಾವುದೋ ಹೊಸ ಕಂಪನಿ, ನಮ್ಮದಲ್ಲ. ಪುಟ್ತಾಯಮ್ಮ ಒಂದು ಬಕೆಟ್ಟಿನೊಳಗೆ ಬಗ್ಗಿ ನೋಡಿ ಹಾಗೇ ನಿಂತಳು. ನಾನೂ ನೋಡಿದೆ. ನೆಲದ ಫಿನಾಯಿಲು, ಪಾತ್ರೆ ಸೋಪು, ಕಕ್ಕಸಿನ ಆಸಿಡ್ಡು, ಅದರ ಮಗ್ಗುಲಲ್ಲೇ ಬ್ಲೀಚಿಂಗ್ ಪೌಡರ್. ಪಕ್ಕದಲ್ಲಿ ಒಬ್ಬ ಸಣ್ಣ ವಯಸ್ಸಿನ ಹೆಂಗಸು, ಕಂಕುಳಲ್ಲಿ ಮಗು, ಒಂದು ಬಕೆಟ್ಟನ್ನು ಆರಿಸಿ ಎತ್ತಿಕೊಳ್ಳುತ್ತಿದ್ದಳು. ಪುಟ್ತಾಯಮ್ಮ ಅವಳ ಬಕೆಟ್ಟಿಗೆ ಕೈ ಹಾಕಿ ಬ್ಲೀಚಿಂಗ್ ಪೌಡರ್ ಪಾಕೀಟನ್ನು ಆಚೆ ತೆಗೆದು ಅಂಗಡಿಯವನ ಮುಂದೆ ಹಿಡಿದಳು.

"ಇದ ಅದ್ರ ಜೊತೆ ಮಡಗ್ಬ್ಯಾಡ ಕಣಪ್ಪ," ಎಂದಳು. "ಜೀವ ತೆಗೀತದೆ."

ಬಸ್ಸು, ಆಟೋ, ಮೈಕಿನ ಗದ್ದಲ. ಅಂಗಡಿಯವನು ಕೆಟ್ಟವನಲ್ಲ. ಕಿವಿಗೆ ಕೈಯಿಟ್ಟುಕೊಂಡು ಮುಂದೆ ಬಗ್ಗಿದ.

"ಏನಂದೆ ಅಜ್ಜಿ? ಕೇಳುಸ್ನಿಲ್ಲ. ವಸಿ ಜೋರಾಗಿ ಯೋಳು."

ಪುಟ್ತಾಯಮ್ಮ ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು, ದನಿ ಬರಲಿಲ್ಲ. ನನ್ನ ಕಡೆ ತಿರುಗಿದಳು. ಸಾಹುಕಾರರ ಕೋಣೆಯಲ್ಲಿ ಮೆತ್ತಗೆ, ಸಾರ್ ಸಾರ್ ಎಂದು ಹೇಳಿದ್ದ ಅದೇ ಮಾತನ್ನು ನಾನು ಈಗ ಪೇಟೆ ಬೀದಿಯ ನಡುವೆ ನಿಂತು, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿ ಹೇಳಿದೆ. ಮಗುವಿನ ತಾಯಿ ಬಕೆಟ್ಟನ್ನು ಕೆಳಗಿಟ್ಟಳು.